ಮಾಲೂರು ಸೀಮೆಯ ಕಥೆಗಾರ

ಪರದೇಶಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ವೈಟ್‌ಫೀಲ್ಡ್ ಎಂಬ ಹೆಸರು ಹೊಸದಾಗಿರಲಾರದು. ನಿಮ್ಮಲ್ಲಿ ಅನೇಕರ ತಂದೆತಾಯಿಗಳು ಇಲ್ಲಿಯದೋ, ಎಲೆಕ್ಟ್ರಾನಿಕ್ ಸಿಟಿಯದೋ, ಯಾವುದಾದರೊಂದು ಕಚೇರಿಯಲ್ಲಿ ಮೊದಲ ಸಂಬಳವನ್ನು ಕೈಗೆ ತೆಗೆದುಕೊಂಡವರು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿದ ಅಜ್ಜಂದಿರೂ ನಿಮ್ಮ ಮನೆಗಳಲ್ಲಿ ಇದ್ದಾರು. ವೈಟ್‌ಫೀಲ್ಡ್ ಹುಟ್ಟಿದುದು 1882ರಲ್ಲಿ, ಮೈಸೂರಿನ ಮಹಾರಾಜರಾದ ಚಾಮರಾಜ ಒಡೆಯರು ಆಂಗ್ಲೋ-ಇಂಡಿಯನ್ ಜನರ ಸಂಘವೊಂದಕ್ಕೆ ಸಾವಿರಾರು ಎಕರೆ ಭೂಮಿಯನ್ನು ದಯಪಾಲಿಸಿದಾಗ. ಆ ಸಂಘದ ಮುಖಂಡರಾಗಿದ್ದ ವೈಟ್ ಎಂಬ ಮಹನೀಯರ ಹೆಸರೇ ಊರಿಗೂ ನಿಂತಿತು. ಇಲ್ಲಿಂದ ಪೂರ್ವಾಭಿಮುಖವಾಗಿ ಹೊರಡುವ ರೈಲು ದೇವನಗೊಂದಿಯನ್ನು ದಾಟಿ ಮಾಲೂರನ್ನು ಸೇರುತ್ತದೆ. ಹೆಂಚಿಗೂ ಇಟ್ಟಿಗೆಗೂ ಹೆಸರಾದ ಆ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ, 1891ನೆಯ ಇಸವಿ ಜೂನ್ 6ರಂದು, ಕನ್ನಡದ ಸಣ್ಣಕಥೆಗೆ ತನ್ನದೇ ಆದ ನಡೆಯನ್ನೂ ನುಡಿಯನ್ನೂ ಕೊಡಬೇಕಾಗಿದ್ದ ಶಿಶುವೊಂದು ಜನಿಸಿತು. ಅವರೇ ಮಾಸ್ತಿ ವೆಂಕಟೇಶ ಅಯ್ಯಂಗಾರರು.

ನಿಮಗೆ ಅವರನ್ನು ಪರಿಚಯಿಸಬೇಕೆಂದು ನಾನು ಬಯಸುವುದಕ್ಕೆ ಪ್ರಶಸ್ತಿಗಳಿಗಿಂತಲೂ ಬಲವಾದ ಕಾರಣವೊಂದುಂಟು. ಮಾಸ್ತಿಯವರ ಮನೆಮಾತು ಕನ್ನಡವಾಗಿರಲಿಲ್ಲ. ಅವರದು ತಮಿಳನ್ನಾಡುವ ಶ್ರೀವೈಷ್ಣವ ಕುಟುಂಬ. ಅವರು ಉನ್ನತ ವ್ಯಾಸಂಗವನ್ನು ಮಾಡಿದುದು ಇಂಗ್ಲಿಷ್ ಸಾಹಿತ್ಯದಲ್ಲಿ. 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಎಂ.ಎ. ಪದವಿಯನ್ನು ಅವರು ಪಡೆದುದು ಆ ವಿಷಯದಲ್ಲಿಯೇ. ಮನೆಯಲ್ಲಿ ಒಂದು ಭಾಷೆ, ಪಾಠಶಾಲೆಯಲ್ಲಿ ಇನ್ನೊಂದು, ಬೀದಿಯಲ್ಲಿ ಮತ್ತೊಂದು ಎಂಬ ಸ್ಥಿತಿ ನಿಮ್ಮದಾಗಿರುವಂತೆಯೇ ಅವರದೂ ಆಗಿತ್ತು. ಇಂಗ್ಲಿಷಿನಲ್ಲಿ ಬರೆದಿದ್ದರೆ ಬಹುಬೇಗ ದೂರದ ಕೀರ್ತಿಯನ್ನು ಪಡೆಯಬಹುದಾಗಿದ್ದ ಅವರು, ತಮ್ಮ ಸುತ್ತಣ ಜನರು ಯಾವ ಮಾತಿನಲ್ಲಿ ನಕ್ಕು ಅತ್ತು ಬಾಳುತ್ತಿದ್ದರೋ ಆ ಮಾತನ್ನೇ ಆರಿಸಿಕೊಂಡರು. ‘ಶ್ರೀನಿವಾಸ’ ಎಂಬ ಕಾವ್ಯನಾಮದಿಂದ ಬರೆದರು. ಕನ್ನಡದ ಮೇಲಣ ಹಕ್ಕು ಕನ್ನಡವನ್ನೇ ಮನೆಮಾತಾಗಿ ಪಡೆದವರಿಗೆ ಮಾತ್ರವೆಂದು ಯಾರಾದರೂ ಹೇಳಿದರೆ, ಅಥವಾ ತಡವರಿಸುತ್ತ ಕನ್ನಡವನ್ನಾಡುವ ನಿಮ್ಮನ್ನು ಯಾರಾದರೂ ಹಾಸ್ಯಮಾಡಿದರೆ, ಈ ಹಿರಿಯರ ಹೆಸರನ್ನು ಅವರಿಗೆ ಹೇಳಿರಿ.

ಬಾಲ್ಯವು ಸುಖದ್ದಾಗಿರಲಿಲ್ಲ. ಒಂದು ಕಾಲಕ್ಕೆ ಅನುಕೂಲವಾಗಿದ್ದ ಮನೆತನವು ಅವರ ಹೊತ್ತಿಗೆ ಬಡತನಕ್ಕೆ ಇಳಿದಿತ್ತು. ಬಂಧುಗಳ ಆಶ್ರಯದಲ್ಲಿ ಊರಿಂದೂರಿಗೆ ಹೋಗಿ ಓದಬೇಕಾಯಿತು. ಆದರೂ ಪರೀಕ್ಷೆಗಳಲ್ಲಿ ಮುಂದಿದ್ದು, ಮೈಸೂರು ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅಸಿಸ್ಟೆಂಟ್ ಕಮಿಷನರರಾಗಿ ಸೇವೆಯನ್ನು ಪ್ರಾರಂಭಿಸಿದರು. ಸರ್ಕಾರದ ಅಧಿಕಾರಿಯಾಗಿ ಸಂಸ್ಥಾನದ ಅನೇಕ ಜಿಲ್ಲೆಗಳಲ್ಲಿ ಸಂಚರಿಸಿದ ಆ ಮೂರು ದಶಕಗಳು ಅವರ ಕಥೆಗಳಿಗೆ ಒದಗಿಸಿದ ಸಾಮಗ್ರಿ ಅಪಾರವಾದುದು. ಕಂದಾಯದ ಲೆಕ್ಕವನ್ನು ನೋಡಲು ಹೋದ ಅಧಿಕಾರಿಯ ಮುಂದೆ ಹಳ್ಳಿಯ ಶಾನುಭೋಗನೂ ಪಟೇಲನೂ ದಾರಿಹೋಕ ಜೋಗಿಯೂ ಮಾತಿಗೆ ಕುಳಿತುಬಿಟ್ಟರೆ, ಅಧಿಕಾರಿಯು ಅಲ್ಲಿ ಕೇಳುಗನಾಗಿಬಿಡುತ್ತಿದ್ದನೆಂಬುದು ಆ ಕಥೆಗಳನ್ನು ಓದಿದವರಿಗೆ ತಾನಾಗಿ ತಿಳಿಯುತ್ತದೆ. ಮಹಾರಾಜರಿಂದ ‘ರಾಜಸೇವಾಸಕ್ತ’ ಎಂಬ ಬಿರುದು ಅವರಿಗೆ ಬಂದಿತು. 1943ರಲ್ಲಿ, ನ್ಯಾಯವಾಗಿ ತಮಗೆ ಬರಬೇಕಾಗಿದ್ದ ಉನ್ನತ ಪದವಿಯು ತಮಗಿಂತ ಕಿರಿಯರಾದವರಿಗೆ ಸಂದಾಗ, ಅವರು ರಾಜೀನಾಮೆಯನ್ನು ಕೊಟ್ಟು ಹೊರಬಂದರು. ಸ್ವಾಭಿಮಾನವು ಮೃದುಸ್ವಭಾವಕ್ಕೆ ವಿರೋಧವಾದುದಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಅವರಿಗಿಂತ ಮುಂಚೆ ಕನ್ನಡದಲ್ಲಿ ಸಣ್ಣಕಥೆ ಇರಲೇ ಇಲ್ಲವೆನ್ನುವುದು ತಪ್ಪು; ಮಂಗಳೂರು ಸೀಮೆಯಲ್ಲಿ ಪಂಜೆ ಮಂಗೇಶರಾಯರೂ, ಉತ್ತರದಲ್ಲಿ ಕೆರೂರು ವಾಸುದೇವಾಚಾರ್ಯರೂ ಆ ದಾರಿಯಲ್ಲಿ ಮೊದಲು ನಡೆದವರು. ಆದರೆ 1910ರಲ್ಲಿ ‘ರಂಗನ ಮದುವೆ’ಯನ್ನು ಬರೆದ ಹತ್ತೊಂಬತ್ತರ ತರುಣನು 1920ರಲ್ಲಿ ‘ಕೆಲವು ಸಣ್ಣ ಕತೆಗಳು’ ಎಂಬ ಸಂಗ್ರಹವನ್ನು ಹೊರತಂದಾಗ, ಈ ಪ್ರಕಾರವು ಕನ್ನಡದಲ್ಲಿ ಭದ್ರವಾಗಿ ಕಾಲೂರಿತೆಂದು ಸಾಹಿತ್ಯದ ಚರಿತ್ರೆಯನ್ನು ಬಲ್ಲವರೆಲ್ಲ ಒಪ್ಪುತ್ತಾರೆ. ಮುಂದೆಯೂ ಅನೇಕ ದಶಕಗಳ ಕಾಲ ಅವರು ಬರೆಯುತ್ತಲೇ ಇದ್ದರು.

‘ರಂಗನ ಮದುವೆ’ಯ ಪ್ರಾರಂಭವನ್ನು ನಿಮಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದು ನಿಮ್ಮ ಕಥೆಯೂ ಹೌದು. ಹೊಸಹಳ್ಳಿಯೆಂಬ ಊರು; ಇಂಗ್ಲಿಷನ್ನು ಬಲ್ಲವರು ಇನ್ನೂ ವಿರಳರಾಗಿದ್ದ ಕಾಲ; ಶಾನುಭೋಗರು ಧೈರ್ಯಮಾಡಿ ತಮ್ಮ ಮಗ ರಂಗನನ್ನು ಓದುವುದಕ್ಕಾಗಿ ಬೆಂಗಳೂರಿಗೆ ಕಳುಹಿಸಿದ್ದಾರೆ. ಅವನು ಊರಿಗೆ ಹಿಂದಿರುಗಿದ ದಿನ ಜನರೆಲ್ಲ ಅವನ ಮನೆಗೆ ನುಗ್ಗುತ್ತಾರೆ. ಪಟ್ಟಣದ ಓದು ಈ ಹುಡುಗನನ್ನು ಏನು ಮಾಡಿಟ್ಟಿದೆಯೆಂದು ನೋಡುವ ಕುತೂಹಲ ಎಲ್ಲರಿಗೂ. ವೃದ್ಧೆಯೊಬ್ಬಳು ಅವನ ಎದೆಯ ಮೇಲೆ ಕೈಯಾಡಿಸಿ, ಜನಿವಾರವು ಇನ್ನೂ ಇದೆಯೇ ಎಂದು ಪರೀಕ್ಷಿಸಿ, ಇದೆಯೆಂದು ತಿಳಿದಮೇಲೆ ಸಮಾಧಾನವನ್ನು ಹೊಂದುತ್ತಾಳೆ. ರಂಗನು ಹೋದಾಗ ಹೇಗಿದ್ದನೋ ಹಾಗೆಯೇ ಬಂದಿರುವನೆಂದು ನಿಶ್ಚಯವಾದೊಡನೆ ನೆರೆದವರಿಗೆ ನೋಡುವುದಕ್ಕೆ ಇನ್ನೇನೂ ಉಳಿಯದೆ ಗುಂಪು ಕರಗಿಹೋಗುತ್ತದೆ. ಬೇಸಗೆಯ ರಜೆಯಲ್ಲಿ ನೀವು ಅಜ್ಜಿಯ ಊರಿಗೆ ಬಂದಿಳಿದಾಗ, ಮಗುವು ಕನ್ನಡವನ್ನು ಆಡುತ್ತದೆಯೇ, ಕೈಯಿಂದ ಊಟಮಾಡುತ್ತದೆಯೇ ಎಂದು ನೆರೆಹೊರೆಯವರು ಸುತ್ತುವರಿದು ನೋಡುವರಷ್ಟೆ. ನೂರಹದಿನೈದು ವರ್ಷಗಳ ಹಿಂದಣ ಕಥೆಯಲ್ಲಿ ಅದೇ ದೃಷ್ಟಿಯನ್ನು ಕಂಡು ನೀವು ನಗುವಿರಿ. ಆ ವೃದ್ಧೆಯನ್ನು ಮಾಸ್ತಿಯವರು ಎಲ್ಲಿಯೂ ಹೀನೈಸುವುದಿಲ್ಲ. ಅವಳ ಕೈಯಲ್ಲಿರುವುದು ಅನುಮಾನವೆಷ್ಟೋ ವಾತ್ಸಲ್ಯವೂ ಅಷ್ಟೇ.

ರಂಗನು ತಾನು ಮೆಚ್ಚಿದ, ಪ್ರಾಯಕ್ಕೆ ಬಂದ ಹುಡುಗಿಯನ್ನಲ್ಲದೆ ಮದುವೆಯಾಗೆನೆಂದು ಹೊಸ ಕಾಲದ ಮಾತನ್ನಾಡುತ್ತಾನೆ. ಕಥೆಯನ್ನು ಹೇಳುವ ಶ್ಯಾಮನು ಹಾಡಬಲ್ಲ ರತ್ನಳೆಂಬ ಹುಡುಗಿಯನ್ನು ಉಪಾಯದಿಂದ ಅವನ ಕಣ್ಣಿಗೆ ಬೀಳುವಂತೆ ಮಾಡಿ, ಜ್ಯೋತಿಷ್ಯವನ್ನು ನುಡಿಯುವ ಶಾಸ್ತ್ರಿಗಳಿಗೆ ಮುಂಚಿತವಾಗಿ ಎಲ್ಲವನ್ನೂ ಹೇಳಿಕೊಟ್ಟು, ಮದುವೆಯನ್ನು ಕೂಡಿಸುತ್ತಾನೆ. ಆ ಹುಡುಗಿಗೆ ಹನ್ನೊಂದೇ ವರ್ಷ. ಅಂದಿನ ಸಮಾಜದಲ್ಲಿ ರೂಢಿಯಾಗಿದ್ದ ಆ ಪದ್ಧತಿಯನ್ನು ಇಂದು ನಮ್ಮ ಕಾನೂನೂ ಒಪ್ಪದು, ಮನಸ್ಸೂ ಒಪ್ಪದು, ಒಪ್ಪಬಾರದು ಕೂಡ. ಹಳೆಯ ಕಥೆಯನ್ನು ಓದುವಾಗ ಅದರ ಸೊಗಸನ್ನು ಅನುಭವಿಸುತ್ತಲೇ ಇದನ್ನೂ ನಿಮ್ಮ ತಾಯಿತಂದೆಗಳೊಡನೆ ಮಾತನಾಡಬೇಕು. ಕಡೆಗೆ ರಂಗನು ತನ್ನ ಮಗನಿಗೆ ಶ್ಯಾಮನೆಂದೇ ಹೆಸರಿಟ್ಟಿರುತ್ತಾನೆ. ಇಂಗ್ಲಿಷಿಗೆ ಅನುವಾದವಾದ ಈ ಕಥೆಯು ಭಾರತದ ಹನ್ನೊಂದನೆಯ ತರಗತಿಯ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಬಹು ವರ್ಷಗಳ ಕಾಲ ಇದ್ದುದರಿಂದ, ಕನ್ನಡವನ್ನು ಎಂದೂ ಕೇಳದ ಲಕ್ಷಾಂತರ ವಿದ್ಯಾರ್ಥಿಗಳು ಹೊಸಹಳ್ಳಿಯನ್ನು ಬಲ್ಲರು.

ನನಗೆ ಇದಕ್ಕಿಂತಲೂ ಪ್ರಿಯವಾದುದು ‘ಮೊಸರಿನ ಮಂಗಮ್ಮ’. ಬೆಂಗಳೂರಿನ ಹೊರಗಣ ಹಳ್ಳಿಯೊಂದರಿಂದ ದಿನವೂ ಮೊಸರಿನ ಗಡಿಗೆಯನ್ನು ಹೊತ್ತು ಪೇಟೆಗೆ ನಡೆದುಬಂದು, ದಿನವೂ ಕೊಳ್ಳುವ ವರ್ತನೆಯ ಮನೆಗಳಿಗೆ ಅಳೆದುಕೊಟ್ಟು ಹೋಗುವವಳು ಈ ಮಂಗಮ್ಮ. ಮೊಸರನ್ನು ಕೊಳ್ಳುವ ಗೃಹಿಣಿಯ ಮುಂದೆ ಕುಳಿತು, ಎಲೆಯಡಿಕೆಯ ನಡುವೆ, ತನ್ನ ಮನೆಯ ಸಂಕಟವನ್ನು ದಿನಕ್ಕಿಷ್ಟಾಗಿ ಹೇಳಿಕೊಳ್ಳುತ್ತಾಳೆ. ಸೊಸೆಯು ಮೊಮ್ಮಗನನ್ನು ಹೊಡೆದಳೆಂಬುದರಿಂದ ಹುಟ್ಟಿದ ಜಗಳವು ಬೆಳೆದು, ಅತ್ತೆಯದೊಂದು ಒಲೆ, ಸೊಸೆಯದೊಂದು ಒಲೆ ಎಂದಾಗುತ್ತದೆ. ಇಷ್ಟು ಕಾಲ ಮಗನಿಗಾಗಿಯೇ ಕೂಡಿಡುತ್ತಿದ್ದ ಅವಳು ಈಗ ತನಗಾಗಿ ಒಂದು ಮಖಮಲ್ಲಿನ ರವಿಕೆಯನ್ನು ಹೊಲಿಸಿಕೊಳ್ಳುತ್ತಾಳೆ. ಒಬ್ಬಂಟಿಯಾದ ಹೆಂಗಸಿನ ಕೈಯಲ್ಲಿ ನಾಲ್ಕು ಕಾಸುಂಟೆಂದು ಅರಿತ ಊರಿನ ಗಂಡಸೊಬ್ಬನು ದಾರಿಯಲ್ಲಿ ಮಾತಿಗೆ ನಿಲ್ಲುತ್ತಾನೆ. ಈ ಎಲ್ಲ ಗೊಂದಲವನ್ನೂ ಬಿಡಿಸತಕ್ಕವನು ಮಗುವಾದ ಮೊಮ್ಮಗ: ಅವನು ತಾಯಿಯ ಮನೆಯನ್ನು ಬಿಟ್ಟು ಅಜ್ಜಿಯೊಡನೆಯೇ ಇರುವೆನೆಂದು ಓಡಿಬರುತ್ತಾನೆ. ದೊಡ್ಡವರ ಅಭಿಮಾನವು ಕಟ್ಟಿದ ಗೋಡೆಯನ್ನು ಮಗುವಿನ ಹಟವು ಬೀಳಿಸಿದ ಮೇಲೆ, ಒಂದು ದಿನ ಮೊಸರಿನ ಗಡಿಗೆಯೊಡನೆ ಸೊಸೆಯೂ ಗೃಹಿಣಿಯ ಬಾಗಿಲಿಗೆ ಬರುತ್ತಾಳೆ, ಮತ್ತು ಅವಳ ಕಡೆಯ ನ್ಯಾಯವನ್ನೂ ನಾವು ಕೇಳುತ್ತೇವೆ. ಅಲ್ಲಿಯವರೆಗೆ ಅತ್ತೆಯ ಪಕ್ಷದಲ್ಲಿದ್ದ ಓದುಗನಿಗೆ, ಸೊಸೆಯೂ ಸುಳ್ಳಾಡಿದವಳಲ್ಲವೆಂದು ಆಗ ತೋರುತ್ತದೆ. ಮಂಗಮ್ಮನಂಥವರು ನಡೆದುಬರುತ್ತಿದ್ದ ಹಳ್ಳಿಗಳಲ್ಲಿ ಅನೇಕವು ಇಂದು ಎತ್ತರದ ಅಪಾರ್ಟ್‌ಮೆಂಟುಗಳ ನಡುವೆ ಹೆಸರಿನಿಂದ ಮಾತ್ರ ಉಳಿದಿವೆ. ವೈಟ್‌ಫೀಲ್ಡಿನ ಸುತ್ತ ಕಾಡುಗೋಡಿ, ಹೂಡಿ, ವರ್ತೂರುಗಳಲ್ಲಿ ಹಳೆಯ ಬೀದಿಗಳನ್ನು ಹೊಕ್ಕರೆ ಮಂಗಮ್ಮನಂಥವರ ನುಡಿಯು ಈಗಲೂ ಕಿವಿಗೆ ಬೀಳುತ್ತದೆ.

ಮಾಸ್ತಿಯವರ ಕಥೆಗಳು ಬಹಳ ಸೌಮ್ಯವಾದುವು, ಬಾಳಿನ ಕ್ರೌರ್ಯವನ್ನು ಅವು ಸಾಕಷ್ಟು ಕಾಣವು ಎಂದು ತರುವಾಯದ ಕಾಲದ ಕೆಲವರು ಆಕ್ಷೇಪಿಸಿದುದುಂಟು. ನನಗೆ ಅದು ಸರಿಯೆಂದು ತೋರುವುದಿಲ್ಲ. ಮಂಗಮ್ಮನ ಒಂಟಿತನವನ್ನೂ ಆ ದಾರಿಯ ಪ್ರಲೋಭನೆಯನ್ನೂ ಕಂಡವರು ಕತ್ತಲೆಯನ್ನು ಕಾಣದವರಲ್ಲ. ಕಂಡುದನ್ನು ಕೂಗಿ ಹೇಳುವ ಸ್ವಭಾವ ಅವರದಾಗಿರಲಿಲ್ಲ, ಅಷ್ಟೆ. ಅವರ ದೃಷ್ಟಿ ಮಾಲೂರು ಸೀಮೆಯಲ್ಲಿಯೇ ನಿಂತುದೂ ಅಲ್ಲ. ರಷ್ಯಾದ ಟಾಲ್‌ಸ್ಟಾಯ್ ಮಹರ್ಷಿಯ ಭೂರ್ಜವೃಕ್ಷಗಳನ್ನು ಕುರಿತು ಕಥೆ ಬರೆದ ಲೇಖನಿಯೇ, ಪೀಣ್ಯವನ್ನು ದಾಟಿ ತುಮಕೂರಿನ ಹೆದ್ದಾರಿಯಲ್ಲಿ ಹೋದರೆ ದಾಬಸ್‌ಪೇಟೆಯ ಬಳಿ ಸಿಗುವ ದುರ್ಗದ ಹೆಸರಿನಲ್ಲಿ ‘ನಿಜಗಲ್ಲಿನ ರಾಣಿ’ಯನ್ನೂ ಬರೆಯಿತು.

ಕಾದಂಬರಿಗಳಲ್ಲಿ ‘ಚಿಕವೀರ ರಾಜೇಂದ್ರ’ವು ಮುಖ್ಯವಾದುದು. ಕೊಡಗಿನ ಕಡೆಯ ಅರಸನಾದ ಆತನನ್ನು 1834ರಲ್ಲಿ ಇಂಗ್ಲಿಷರು ಪದಚ್ಯುತಗೊಳಿಸಿದರು. 1852ರಲ್ಲಿ ಮಗಳಾದ ಗೌರಮ್ಮನೊಡನೆ ಆತನು ಇಂಗ್ಲೆಂಡಿಗೆ ಹೋದನು. ಮಗಳ ಕ್ರೈಸ್ತ ದೀಕ್ಷೆಗೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಅರಸನು 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಲಂಡನ್ನಿನಲ್ಲಿರುವ ಮಕ್ಕಳು, ತಮಗಿಂತ ನೂರೆಪ್ಪತ್ತು ವರ್ಷ ಮುಂಚೆಯೇ ಕೊಡಗಿನ ಬಾಲಕಿಯೊಬ್ಬಳು ಆ ನಗರವನ್ನು ಕಂಡಿದ್ದಳೆಂಬುದನ್ನು ತಿಳಿಯಬೇಕು. ಈ ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿಯು ಬಂದಾಗ ಮಾಸ್ತಿಯವರಿಗೆ ತೊಂಬತ್ತು ದಾಟಿತ್ತು. ಕುವೆಂಪು, ಬೇಂದ್ರೆ, ಕಾರಂತರ ತರುವಾಯ ಆ ಗೌರವವನ್ನು ಪಡೆದ ನಾಲ್ಕನೆಯ ಕನ್ನಡಿಗರು ಅವರು. ಸಣ್ಣಕಥೆಗಳಿಗೆಂದೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು 1968ರಲ್ಲಿಯೇ ಸಂದಿತ್ತು.

ಇಂಥ ಮನ್ನಣೆಗಿಂತ ಮುಂಚೆ ಅವರು ಇತರರಿಗಾಗಿ ಮಾಡಿದುದು ಬಹಳ. 1929ರಲ್ಲಿ ಬೆಳಗಾವಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. 1944ರಿಂದ ಎರಡು ದಶಕಗಳ ಕಾಲ ‘ಜೀವನ’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿ ಅನೇಕ ಕಿರಿಯ ಲೇಖಕರನ್ನು ಬೆಳಕಿಗೆ ತಂದರು. ಅವರನ್ನು ಹಿರಿಯಣ್ಣನೆಂದು ಭಾವಿಸಿದ ಲೇಖಕರ ಬಳಗವು ದೊಡ್ಡದು. ‘ಮಾಸ್ತಿ ಕನ್ನಡದ ಆಸ್ತಿ’ ಎಂಬ ಮಾತು ನಾಡಿನಲ್ಲೆಲ್ಲ ಹಬ್ಬಿದುದು ಸುಮ್ಮನೆ ಅಲ್ಲ. ಬೆಂಗಳೂರಿನ ಗವಿಪುರದ ಮನೆಯಲ್ಲಿ ಅವರು ಸರಳವಾಗಿ ಬಾಳಿದರು. 1986ರ ಜೂನ್ 6ರಂದು, ತಾವು ಹುಟ್ಟಿದ ದಿನದಂದೇ, ತೊಂಬತ್ತೈದು ವರ್ಷ ತುಂಬಿ, ಅವರು ಕಾಲವಾದರು.

ಸಣ್ಣಕಥೆಯ ಬರೆಹಗಾರರನ್ನು ಗೌರವಿಸುವ ಪದ್ಧತಿ ಈಗ ಲೋಕದ ಬೇರೆ ಖಂಡಗಳಲ್ಲಿಯೂ ಬೆಳೆದಿದೆ. ಆಫ್ರಿಕಾದ ಕಥೆಗಾರರಿಗೆಂದು 2000ದಲ್ಲಿ ಆರಂಭವಾದ ಕೇನ್ ಪ್ರಶಸ್ತಿಯನ್ನು ಮೊದಲು ಪಡೆದವರು ಸುಡಾನಿನ ಲೀಲಾ ಅಬುಲೇಲಾ. ನೈರೋಬಿಯಲ್ಲಿರುವ ನಮ್ಮ ಮಕ್ಕಳಿಗೆ, 2002ರಲ್ಲಿ ಅದನ್ನು ಗೆದ್ದ ಕೆನ್ಯಾದ ಬಿನ್ಯವಾಂಗ ವೈನೈನಾರ ಹೆಸರು ತಿಳಿದಿರಬಹುದು. ಆ ಪ್ರಶಸ್ತಿಯು ಇಂಗ್ಲಿಷಿನಲ್ಲಿ ಪ್ರಕಟವಾದ ಕಥೆಗಳಿಗೆ ಸಲ್ಲತಕ್ಕುದು. ತಾಯ್ನುಡಿಯಲ್ಲಿ ಬರೆದವನನ್ನು ಲೋಕವು ಗಮನಿಸೀತೇ ಎಂಬ ಚಿಂತೆ ಅಲ್ಲಿಯಂತೆ ಇಲ್ಲಿಯೂ ಬಹುಕಾಲ ಇದ್ದಿತು. 2025ರಲ್ಲಿ ಹಾಸನದ ಬಾನು ಮುಷ್ತಾಕರ ಕನ್ನಡ ಕಥೆಗಳು, ದೀಪಾ ಭಾಸ್ತಿಯವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಪಡೆದಾಗ ಆ ಚಿಂತೆಗೆ ಉತ್ತರವೊಂದು ದೊರೆಯಿತು. ಸಣ್ಣಕಥೆಗಳ ಸಂಗ್ರಹವೊಂದಕ್ಕೆ ಆ ಗೌರವವು ಸಂದುದು ಅದೇ ಮೊದಲು. ಮನೆಮಾತು ಬೇರೆಯಾಗಿದ್ದೂ ಕನ್ನಡವನ್ನು ತಮ್ಮದಾಗಿಸಿಕೊಂಡವರ ಸಾಲಿನಲ್ಲಿ ಬಾನು ಅವರೂ ಒಬ್ಬರು, ಮಾಸ್ತಿಯವರಂತೆಯೇ.

ತಂದೆತಾಯಿಗಳಲ್ಲಿ ನನ್ನದೊಂದು ಪ್ರಾರ್ಥನೆ. ಮಾಸ್ತಿಯವರ ಕಥೆಯನ್ನು ಮಕ್ಕಳ ಕೈಗೆ ಕೊಟ್ಟು ಓದೆಂದು ಹೇಳುವುದಕ್ಕಿಂತ, ನೀವೇ ಗಟ್ಟಿಯಾಗಿ ಓದಿ ಹೇಳಿರಿ. ಅವು ಒಬ್ಬರು ಹೇಳಿ ಇನ್ನೊಬ್ಬರು ಕೇಳುವ ಕ್ರಮದಲ್ಲಿಯೇ ಹೆಣೆದ ಕಥೆಗಳು. ಅಕ್ಷರವನ್ನು ಓದಲಾರದ ಮಗುವಿಗೂ ಮಂಗಮ್ಮನ ಮಾತು ಅರ್ಥವಾಗುತ್ತದೆ. ಊರಿನಲ್ಲಿ ಅಜ್ಜಿಯಿದ್ದರೆ ಫೋನಿನಲ್ಲಿ ಅವರಿಂದಲೇ ಓದಿಸಿರಿ. ಭಾನುವಾರಕ್ಕೊಂದು ಕಥೆಯಾದರೆ ಸಾಕು. ಮೊದಲ ವಾರಕ್ಕೆ ‘ಮೊಸರಿನ ಮಂಗಮ್ಮ’, ಎರಡನೆಯದಕ್ಕೆ ‘ರಂಗನ ಮದುವೆ’. ಮೂರನೆಯ ಕಥೆಯನ್ನು ಮಕ್ಕಳೇ ಆರಿಸಲಿ.