ಆಹಾರಸಸ್ಯಗಳ ಚರಿತ್ರಕಾರ ಬಿ.ಜಿ.ಎಲ್. ಸ್ವಾಮಿ

ಡಿ.ವಿ. ಗುಂಡಪ್ಪನವರ ಪುತ್ರರಾಗಿ 1918ರಲ್ಲಿ ಜನಿಸಿದ ಬಿ.ಜಿ.ಎಲ್. ಸ್ವಾಮಿ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವ್ಯಾಸಂಗ ಮಾಡಿ, ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ ನಡೆಸಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದರು. 'ಹಸುರು ಹೊನ್ನು' ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ವಿಮರ್ಶೆ ಅವರ ವಿನೋದವನ್ನು ಮೆಚ್ಚಿದಷ್ಟು ವಿಧಾನವನ್ನು ಗಮನಿಸಲಿಲ್ಲ.

ನಿತ್ಯದ ಊಟದಲ್ಲಿ ನಾಡಿನದೆಷ್ಟು, ಹೊರಗಿನದೆಷ್ಟು ಎಂಬುದು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಕೃತಿಯ ಜಿಜ್ಞಾಸೆ. ಈ ದೃಷ್ಟಿಯಿಂದ ನೋಡಿದರೆ ದಾವಣಗೆರೆಯ ಮಂಡಕ್ಕಿ-ಮಿರ್ಚಿಯಲ್ಲಿ ಮಂಡಕ್ಕಿಯ ಭತ್ತ ಪ್ರಾಚೀನ, ಮಿರ್ಚಿಯ ಕಾಯಿ ಪೋರ್ಚುಗೀಸರ ಕಾಲದ ಆಗಂತುಕ. ಆ ಜಿಲ್ಲೆಯ ಹೊಲಗಳ ಮೆಕ್ಕೆಜೋಳ, ಶೇಂಗಾಗಳೂ ಅಮೆರಿಕ ಮೂಲದವೇ. (ಗಡ್ಡೆಯೆಂದು ತಿನ್ನುವ ಆಲೂಗಡ್ಡೆ ವಾಸ್ತವವಾಗಿ ಕಾಂಡ.) ಪೋಲಾಳ್ವ ದಂಡನಾಥನು 1224ರಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದಾಗ ಹರಿಹರದ ಅಡುಗೆಗೆ ಖಾರ ಒದಗುತ್ತಿದ್ದುದು ಕರಿಮೆಣಸು, ಶುಂಠಿಗಳಿಂದ. ಆದುದರಿಂದ ಹಳೆಯ ಕಾವ್ಯದ 'ಮೆಣಸು' ಮೆಣಸಿನಕಾಯಿಯಲ್ಲ. ಮೆಣಸಿನಕಾಯಿಯನ್ನು ಹೆಸರಿಸುವ ಪದ್ಯ ಹದಿನಾರನೆಯ ಶತಮಾನಕ್ಕಿಂತ ಹಿಂದಿನದಾಗಲಾರದು. ಪಠ್ಯಸಂಪಾದಕರಿಗೆ ಇದು ಕಾಲನಿರ್ಣಯದ ಗಟ್ಟಿ ಸಾಕ್ಷ್ಯ.

'ಶಾಸನಗಳಲ್ಲಿ ಗಿಡಮರಗಳು' ಕೃತಿಯಲ್ಲಿ ಸ್ವಾಮಿ ಅವರು ಶಾಸನೋಕ್ತ ಸಸ್ಯನಾಮಗಳನ್ನು ಪರಿಶೀಲಿಸಿದರು. ನಿವೃತ್ತಿಯ ಬಳಿಕವೂ ಬರವಣಿಗೆ ನಿಲ್ಲಲಿಲ್ಲ. 1980ರ ನವೆಂಬರಿನಲ್ಲಿ ತೀರಿಕೊಂಡರು.