ಮಿಂಚನ್ನು ಪಳಗಿಸಿದ ಮೇಷ್ಟ್ರು

ಹೆರಾಲ್ಡ್ ಎಡ್ಜರ್ಟನ್ ಹುಟ್ಟಿದ್ದು 1903ರಲ್ಲಿ, ಅಮೆರಿಕದ ನೆಬ್ರಾಸ್ಕಾದಲ್ಲಿ. ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್. ಎಂಐಟಿಯಲ್ಲಿ ಸಿಂಕ್ರೊನಸ್ ಮೋಟರ್ ಬಗ್ಗೆ ಸಂಶೋಧನೆ ಮಾಡ್ತಿದ್ದಾಗ, ತಿರುಗೋ ರೋಟರ್‌ನ ವೇಗಕ್ಕೆ ಸರಿಯಾಗಿ ಬೆಳಕು ಮಿಂಚಿಸಿದರು. ರೋಟರ್ ನಿಂತಂತೆಯೇ ಕಂಡಿತು! ಅದೇ ಉಪಾಯದಿಂದ ಮುಂದೆ ಕಿರೀಟವಾಗಿ ಚಿಮ್ಮೋ ಹಾಲಿನ ಹನಿ (1957), ಸೇಬು ತೂರಿ ಹೋಗೋ ಗುಂಡು (1964) ಫೋಟೋದಲ್ಲಿ ಸೆರೆಯಾದವು. ಕತ್ತಲಲ್ಲಿ ಶಟರ್ ತೆರೆದೇ ಇರ್ತಿತ್ತು. ಚಲನೆಯನ್ನು ಹಿಡಿದು ನಿಲ್ಲಿಸಿದ್ದು ಮೈಕ್ರೊಸೆಕೆಂಡ್ ಲೆಕ್ಕದ ಫ್ಲ್ಯಾಶ್. 1990ರಲ್ಲಿ ಎಂಐಟಿ ಕ್ಯಾಂಪಸ್ಸಿನಲ್ಲೇ ತೀರಿಕೊಂಡರು.

ನಮ್ಮ ಡಿಎಸ್‌ಎಲ್‌ಆರ್‌ನ ಸಿಂಕ್ ಸ್ಪೀಡ್ ಹಿಂದಿರೋದೂ ಇದೇ ಪಾಠ. ಸಾಮಾನ್ಯವಾಗಿ ಸೆಕೆಂಡಿನ 1/200 ದಾಟಿದರೆ ಶಟರ್‌ನ ಎರಡು ಪರದೆಗಳ ನಡುವೆ ಬರೀ ಸಂದಿ ಉಳಿಯುತ್ತೆ. ಫೋಟೋದಲ್ಲಿ ಕಪ್ಪು ಪಟ್ಟಿ ಬೀಳುತ್ತೆ. ಫೆಸ್ಟ್ ರಾತ್ರಿ ಡಾನ್ಸ್ ತೆಗೀವಾಗ ಶಟರ್ ಓಡಿಸಬೇಡಿ, ಫ್ಲ್ಯಾಶ್ ನಂಬಿ.