ಅವೆನ್ಯೂ ರಸ್ತೆಯ ಚರ್ಚ್ ಮತ್ತು ಕಲ್ಲು ಓದಿದ ರೈಸ್

ಸೆಮಿಸ್ಟರ್ ಶುರುವಾಯಿತೆಂದರೆ ಸೆಕೆಂಡ್ ಹ್ಯಾಂಡ್ ಪುಸ್ತಕಕ್ಕಾಗಿ ನಾವು ಅವೆನ್ಯೂ ರಸ್ತೆಗೆ ಓಡುತ್ತೇವೆ. ಅಲ್ಲಿ ‘ರೈಸ್ ಮೆಮೋರಿಯಲ್ ಚರ್ಚ್’ ಇದೆ. ಅಕ್ಕಿಪೇಟೆ ಹತ್ತಿರವೇ ಇರುವುದರಿಂದ ಅಕ್ಕಿ ವ್ಯಾಪಾರಿಗಳು ಕಟ್ಟಿಸಿರಬೇಕು ಎಂದು ಫಸ್ಟ್ ಇಯರ್‌ನಲ್ಲಿ ತಮಾಷೆ ಮಾಡಿದ್ದೆವು. ಕೆಎಎಸ್‌ಗೆ ಓದುತ್ತಿರುವ ರೂಂಮೇಟ್ ನಮ್ಮನ್ನು ತಿದ್ದಿದ. ಅದು ಬೆಂಜಮಿನ್ ರೈಸ್ ಎಂಬ ಮಿಷನರಿಯ ನೆನಪಿನ ಚರ್ಚ್. ಅವರ ಮಗ ಬಿ.ಎಲ್. ರೈಸ್. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಅವರು ‘ಶಾಸನ ಪಿತಾಮಹ’ ಎಂಬ ಒಂದು ಅಂಕದ ಉತ್ತರ. ನನಗೆ ಅಷ್ಟಕ್ಕೇ ಬಿಡಲು ಮನಸ್ಸಾಗಲಿಲ್ಲ.

ರೈಸ್ ಹುಟ್ಟಿದ್ದು 1837ರಲ್ಲಿ, ಬೆಂಗಳೂರಿನಲ್ಲೇ. ಇಂಗ್ಲೆಂಡಿನಲ್ಲಿ ಓದಿ 1860ರಲ್ಲಿ ವಾಪಸ್ ಬಂದು, ಮುಂದೆ ಸೆಂಟ್ರಲ್ ಕಾಲೇಜಾದ ಶಾಲೆಗೆ ಮುಖ್ಯೋಪಾಧ್ಯಾಯರಾದರು. ಆಮೇಲೆ ಶಾಲಾ ಇನ್‌ಸ್ಪೆಕ್ಟರ್. ಶಾಲೆ ನೋಡಲು ಊರೂರು ತಿರುಗುವುದು ಅವರ ಕೆಲಸ. ಹೊಲದ ಬದು, ಕೆರೆ ಏರಿ, ಗುಡಿಯ ಅಂಗಳ, ಎಲ್ಲಿ ನೋಡಿದರೂ ಅಕ್ಷರ ಕೆತ್ತಿದ ಕಲ್ಲುಗಳು. ಹಳಗನ್ನಡ ಲಿಪಿಯಾದ್ದರಿಂದ ಊರಿನವರಿಗೂ ಅವನ್ನು ಓದಲು ಬರುತ್ತಿರಲಿಲ್ಲ. ಕನ್ನಡ ಚೆನ್ನಾಗಿ ಬಲ್ಲ ರೈಸ್ ಅವುಗಳ ಬೆನ್ನು ಬಿದ್ದರು. ಅದು ಅವರ ಹುದ್ದೆಯ ಕೆಲಸವಾಗಿರಲಿಲ್ಲ. ಆದರೂ 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಪುಸ್ತಕ ತಂದರು. ಪುರಾತತ್ವ ಇಲಾಖೆಯ ಹೊಣೆ ಅವರಿಗೆ ಸಿಕ್ಕಿದ್ದು ಆಮೇಲೆ.

1886ರಿಂದ ಸುಮಾರು 20 ವರ್ಷ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳು ಹೊರಬಂದವು. ಸುಮಾರು 9,000 ಶಾಸನಗಳು! ಊರಿನ ಪಂಡಿತರ ನೆರವು ಪಡೆದು ಒಂದೊಂದನ್ನೂ ಓದಿ ಅನುವಾದಿಸಿದರು. 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದವರೂ ಅವರೇ. ಪಂಪ ಭಾರತವನ್ನು ಅಚ್ಚಿಗೆ ತಂದರು. 1906ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಹೋದ ಅವರು 1927ರಲ್ಲಿ ತೀರಿಕೊಂಡರು.

ಬೆಂಗಳೂರು ಜಿಲ್ಲೆಯದ್ದು 9ನೇ ಸಂಪುಟ. ಅದು ಇಂಟರ್ನೆಟ್‌ನಲ್ಲಿ ಸಿಗುತ್ತದೆ. ನಮ್ಮ ಪೀಜಿ ಇರುವ ಬಡಾವಣೆಯ ಹಳೇ ಊರಿನ ಹೆಸರು ಹುಡುಕಿದೆ. ಸಿಕ್ಕೇಬಿಟ್ಟಿತು! ಊರಿನ ಪಕ್ಕದ ಹೊಲದಲ್ಲಿ ಕಲ್ಲಿದೆ ಎಂದು ಬರೆದಿತ್ತು. ಭಾನುವಾರ ಇಬ್ಬರು ಗೆಳೆಯರ ಜೊತೆ ಹುಡುಕಿಕೊಂಡು ಹೊರಟೆ. ಹೊಲ ಇದ್ದ ಕಡೆ ಈಗ ಗೋಡೌನ್‌ಗಳು, ಮೆಷಿನ್ ಶಾಪ್‌ಗಳು. ಟೀ ಅಂಗಡಿಯ ಅಜ್ಜನಿಗೆ ಮಾತ್ರ ಕಲ್ಲಿನ ನೆನಪಿತ್ತು. ಪಾಯ ತೋಡುವಾಗ ತೆಗೆದರಂತೆ. ಎಲ್ಲಿಗೆ ಹೋಯಿತೋ ಅವರಿಗೂ ಗೊತ್ತಿಲ್ಲ. ಕಲ್ಲಿನ ಮೇಲೆ ಇದ್ದದ್ದು ಈಗ ಉಳಿದಿರುವುದು ರೈಸ್ ಪುಸ್ತಕದ ಆ ಕೆಲವು ಸಾಲುಗಳಲ್ಲಿ ಮಾತ್ರ.

ಆದರೆ ಎಲ್ಲವೂ ಮುಗಿದುಹೋಗಿಲ್ಲ. ರೈಸ್ ಕಾಣದ ಕಲ್ಲುಗಳೂ ಈ ಊರಿನಲ್ಲಿ ಇವೆ. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಸುಮಾರು 750ನೇ ಇಸವಿಯ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಜನ ಅದನ್ನು ಉಳಿಸಿಕೊಂಡರು. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ಅದರಲ್ಲಿ ಓದಲು ಸಿಗುತ್ತದಂತೆ. ಲ್ಯಾಬ್‌ನಲ್ಲಿ ನಾವು ಬಿಡಿಭಾಗಗಳನ್ನು ಅಳೆಯುವ ತಂತ್ರಜ್ಞಾನ ಕಲ್ಲನ್ನೂ ಓದಿಸುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ನಾಳೆ ನಮ್ಮಲ್ಲೇ ಎಷ್ಟೋ ಮಂದಿ ಸೈಟ್ ಎಂಜಿನಿಯರ್‌ಗಳಾಗುತ್ತೇವೆ. ಜೆಸಿಬಿ ಮುಂದೆ ನಿಂತು ಎಲ್ಲಿ ಅಗೆಯಬೇಕೆಂದು ಹೇಳುವವರು ನಾವೇ. ಮಣ್ಣಿನಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಐದು ನಿಮಿಷ ಕೆಲಸ ನಿಲ್ಲಿಸಿ, ಫೋಟೊ ತೆಗೆದು, ಪುರಾತತ್ವ ಇಲಾಖೆಗೆ ತಿಳಿಸೋಣ. ಅದಕ್ಕೂ ಮೊದಲು ನಿಮ್ಮ ಊರಿನ ಹೆಸರನ್ನು ಆ ಸಂಪುಟಗಳಲ್ಲಿ ಒಮ್ಮೆ ಹುಡುಕಿ. ಕಲ್ಲು ಇನ್ನೂ ಅಲ್ಲೇ ಇದೆಯಾ, ಹೋಗಿ ನೋಡಿ.